ಹಸಿ ಮರದ ತೂಕ

ಬಾಳೂರಿನ ಕಡೆಯ ಆ ತೋಟದಲ್ಲಿ ಕಡಿಯಬೇಕಾದ ಸಿಲ್ವರ್ ಓಕ್ ಮರಗಳಿಗೆಲ್ಲ ಬಣ್ಣದ ಗುರುತು ಹಾಕಿ ಮುಗಿಸುವಾಗ ಏಪ್ರಿಲ್ ಅರ್ಧ ಕಳೆದಿತ್ತು. ಮಳೆ ಹಿಡಿದರೆ ತೋಟದ ಮಣ್ಣು ರಸ್ತೆಗೆ ಲಾರಿ ಇಳಿಸುವ ಹಾಗಿಲ್ಲ. ಅಂದರೆ ನನಗಿದ್ದದ್ದು ಹೆಚ್ಚೆಂದರೆ ಆರು ವಾರ. ಗೋಣಿಬೀಡಿನಲ್ಲಿ ಒಬ್ಬ ಮರದ ಗುತ್ತಿಗೆದಾರರ ಡಿಪೋದಲ್ಲಿ ಲಾರಿಗಳ ಓಡಾಟವನ್ನು ಗೊತ್ತು ಮಾಡುವುದು ನನ್ನ ಕೆಲಸ. ಯಾವ ಲಾರಿ ಯಾವ ತೋಟಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಹೇರಿಕೊಂಡು, ಯಾವ ದಾರಿಯಲ್ಲಿ ಎಂಬುದನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ಬರೆದು ಗೋಡೆಗೆ ಅಂಟಿಸುತ್ತೇನೆ. ಹಿಂದೊಮ್ಮೆ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆನಾದ್ದರಿಂದ ಎಲ್ಲರ ಬಾಯಲ್ಲೂ ನಾನು ರೈಟರಮ್ಮ. ಗಂಡಸರೇ ತುಂಬಿರುವ ಈ ಕಸುಬಿನಲ್ಲಿ ನನ್ನ ಮಾತು ನಡೆಯುತ್ತಿದ್ದದ್ದು ಆ ಹಾಳೆಯ ಬಲದಿಂದ. ಅದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು.

ಅಲ್ಲಿಯ ತನಕ ಆ ಭಾಗದಲ್ಲಿ ಮರ ಸಾಗಿಸುತ್ತಿದ್ದ ಕ್ರಮ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಮರ ಕಡಿದು, ತುಂಡು ಮಾಡಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು, ತೋಟದ ಅಂಚಿನ ಬಯಲಿನಲ್ಲಿ ರಾಶಿ ಹಾಕುತ್ತಿದ್ದರು. ಆಮೇಲೆ ಒಂದು ತಿಂಗಳು ಆ ದಿಮ್ಮಿಗಳು ಹಾಗೆಯೇ ಬಿದ್ದಿರುತ್ತಿದ್ದವು. ಕೇಳಿದರೆ ಲೋಡಿಂಗ್ ಮೇಸ್ತ್ರಿ, "ತಲೆ ಬಿರೀಲಿ ರೈಟರಮ್ಮ, ಆಮೇಲೆ ಹೇರೋಣ" ಎನ್ನುತ್ತಿದ್ದರು. ದಿಮ್ಮಿಯ ಕಡಿದ ಮುಖದಲ್ಲಿ ಸೀಳು ಕಾಣಿಸಿಕೊಳ್ಳಬೇಕು. ಅದರಲ್ಲಿ ತಮ್ಮ ಹೆಬ್ಬೆರಳಿನ ಉಗುರು ಇಳಿದರೆ ಮಾತ್ರ ಅವರು ಅದನ್ನು ಲಾರಿಗೆ ಹತ್ತಿಸುತ್ತಿದ್ದರು. ಯಾಕೆ ಎಂದರೆ "ನಮ್ಮ ಅಪ್ಪನೂ ಹಾಗೇ ಮಾಡ್ತಿದ್ದದ್ದು" ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗುತ್ತಿರಲಿಲ್ಲ. ಅವರು ಸುಮಾರು ಅರವತ್ತರ ಮನುಷ್ಯ. ಕೈಕೆಳಗೆ ಎಂಟು ಜನರ ತಂಡ. ಒಂದು ದಿಮ್ಮಿಯನ್ನು ಲಾರಿಯ ಮೇಲೆ ಯಾವ ಕಡೆ ತಲೆ ಮಾಡಿ ಮಲಗಿಸಬೇಕೆಂದು ಕಣ್ಣಳತೆಯಲ್ಲೇ ಹೇಳುವವರು. ಲಾರಿಯ ಎರಡೂ ಬದಿಗೆ ನಿಲ್ಲಿಸಿದ ಗೂಟಗಳಲ್ಲಿ ಒಂದು ಕಚ್ಚು ಇರುತ್ತದೆ. ಆ ಕಚ್ಚಿನ ಮಟ್ಟಕ್ಕೆ ಮರ ಬಂದರೆ ಲೋಡು ಮುಗಿಯಿತು. ಅದಕ್ಕಿಂತ ಒಂದು ಅಂಗುಲ ಮೇಲೆ ಹೇರಲು ಅವರನ್ನು ಯಾರಿಂದಲೂ ಒಪ್ಪಿಸಲಾಗುತ್ತಿರಲಿಲ್ಲ.

ಪ್ಲೈವುಡ್ ಕಾರ್ಖಾನೆಯವರ ತಕರಾರು ಬೇರೆಯೇ ಇತ್ತು. ಅಲ್ಲಿ ದಿಮ್ಮಿಯನ್ನು ಯಂತ್ರಕ್ಕೆ ಕೊಟ್ಟು ಕಾಗದದ ಸುರುಳಿ ಬಿಚ್ಚುವ ಹಾಗೆ ತೆಳ್ಳಗೆ ಸುಲಿಯುತ್ತಾರೆ. ಒಣಗಿ ಬಿರಿದ ಮರ ಸುಲಿಯುವಾಗ ಹರಿಯುತ್ತದೆ. ಹಸಿ ಮರ ಬೇಕು, ಕಡಿದ ಮೂರು ದಿನದೊಳಗೆ ಬೇಕು ಎಂದು ಅವರು ಹೇಳುತ್ತಲೇ ಇದ್ದರು. ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ತಿಂಗಳು ಕಾಯುವುದೂ ಬೇಡ, ರಾಶಿ ಹಾಕಿ ಮತ್ತೆ ಎತ್ತುವುದೂ ಬೇಡ. ಮೊದಲ ದಿನ ಕಡಿಯುವುದು, ಎರಡನೇ ದಿನ ತುಂಡು ಮಾಡಿ ಎರಡೂ ತಲೆಗೆ ಬಿರಿಯದಂತೆ ಮೇಣದ ಬಣ್ಣ ಬಳಿಯುವುದು, ಮೂರನೇ ದಿನ ಲಾರಿ. ಆರು ಚಕ್ರದ ನಾಲ್ಕು ಲಾರಿಗಳು ನಲವತ್ತು ನಿಮಿಷಕ್ಕೊಂದರಂತೆ ಬಂದರೆ ಲೋಡಿಂಗಿನವರೂ ಸುಮ್ಮನೆ ಕೂರಬೇಕಾಗಿಲ್ಲ, ಲಾರಿಯೂ ಕಾಯಬೇಕಾಗಿಲ್ಲ. ದಿನಕ್ಕೆ ಒಂದು ಟ್ರಿಪ್ಪಿನ ಜಾಗದಲ್ಲಿ ಎರಡು.

ಈ ಲೆಕ್ಕಾಚಾರದಲ್ಲಿ ಇಕ್ಕಟ್ಟಿನ ಜಾಗ ಒಂದೇ ಒಂದು. ತೋಟಕ್ಕೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ, ಅದರ ಮೇಲೆ ಹಳೆಯ ಕಾಂಕ್ರೀಟ್ ಹಲಗೆಯ ಕಿರುಸೇತುವೆ. ಒಂದು ಸಲಕ್ಕೆ ಒಂದೇ ಗಾಡಿ. ಹಳ್ಳದ ಆಚೆ ತೋಟದ ಜೊತೆಗೆ ಹನ್ನೊಂದು ಮನೆಗಳಿದ್ದವು. ಮೇಸ್ತ್ರಿಯ ಮನೆ ಅವುಗಳಲ್ಲಿ ಒಂದು.

ಮೇಸ್ತ್ರಿಯ ಹೆಂಡತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮೂಡಿಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬಾಳೂರಿನ ಜೀಪಿನವನೊಬ್ಬ ಬೆಳಿಗ್ಗೆ ಆರೂವರೆಗೆ ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತಿದ್ದ. ಮೇಸ್ತ್ರಿಯ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಮೊದಲ ಸಲ ದಾರಿ ಅಳೆಯಲು ಹೋದಾಗ ಅಂಗಳದಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದವರು ನನ್ನ ಹಾಳೆಯನ್ನು ಇಣುಕಿ ನೋಡಿದರು.

"ಇದ್ರಲ್ಲಿ ಎಲ್ಲಾ ಲಾರಿದೂ ಹೆಸ್ರು ಇದೆಯಲ್ದಾ? ನನ್ನ ಜೀಪೆಲ್ಲಿ?"

"ಜೀಪನ್ನ ಯಾಕೆ ಬರೀಬೇಕು ಅಕ್ಕ?"

"ಸೇತುವೆ ಮೇಲೆ ನಿಮ್ಮ ಲಾರಿ ಎದುರು ಬಂದ್ರೆ ಯಾರು ಹಿಂದೆ ಹೋಗೋದು ಮಾರಾಯ್ತಿ? ನಂಗೆ ತಡ ಆದ್ರೆ ಮೆಷಿನ್ನಿಗೆ ಬೇರೆಯವ್ರನ್ನ ಹಾಕ್ತಾರೆ. ಆಮೇಲೆ ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತ್ಕೊಂಡು ಗೋಡೆ ನೋಡ್ಬೇಕು."

ಅಲ್ಲೇ ಕೂತು ಹಸಿರು ಪೆನ್ಸಿಲ್ಲಿನಿಂದ ಮಂಗಳವಾರ, ಶುಕ್ರವಾರ ಆರರಿಂದ ಏಳರವರೆಗೆ ಸೇತುವೆ ಖಾಲಿ ಎಂದು ಬರೆದೆ. ಸಂಜೆ ಅವರು ವಾಪಸು ಬರುವ ಹೊತ್ತಿಗೂ ಅರ್ಧ ಗಂಟೆ ಬಿಟ್ಟೆ. ಮೇಸ್ತ್ರಿ ಅದನ್ನು ನೋಡಿದರು. ಅದುವರೆಗೆ ದಿಮ್ಮಿಯ ತಲೆಗೆ ಬಣ್ಣ ಬಳಿಯುವ ಮಾತಿಗೆ ಮುಖ ಗಂಟಿಕ್ಕಿಕೊಂಡಿದ್ದವರು, "ಆಯ್ತು, ನಿಮ್ಮ ಹೊಸ ಕ್ರಮಾನೂ ಒಂದ್ಸಲ ನೋಡೋಣ" ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಸಂಪಾದಿಸಿದ್ದು ಅಕ್ಕನ ಜೀಪಿಗೆ ಬಿಟ್ಟ ಆ ಒಂದು ಗಂಟೆಯಿಂದ.

ಮೊದಲ ಹತ್ತು ದಿನ ಎಲ್ಲವೂ ನಾನು ಬರೆದ ಹಾಗೆಯೇ ನಡೆಯಿತು. ಸೇತುವೆಗೆ ದೂರದ ಬ್ಲಾಕುಗಳಿಂದ ಕಡಿಯುತ್ತಾ ಹತ್ತಿರಕ್ಕೆ ಬರುವುದು ಎಂದು ಗೊತ್ತು ಮಾಡಿದ್ದೆ. ಹೀಗಾದರೆ ಮಳೆ ಬೇಗ ಬಂದರೂ ಕೊನೆಯ ಮರಗಳು ಗಟ್ಟಿ ರಸ್ತೆಯ ಪಕ್ಕದಲ್ಲೇ ಇರುತ್ತವೆ. ಲಾರಿಗಳು ಕೊಟ್ಟಿಗೆಹಾರ ದಾಟಿ, ಮೂಡಿಗೆರೆ ಪೇಟೆಯಲ್ಲಿ ಶಾಲೆ ಬಿಡುವ ಹೊತ್ತು ತಪ್ಪಿಸಿ, ಗೋಣಿಬೀಡಿನ ಆಚೆಯ ಕಾರ್ಖಾನೆ ಮುಟ್ಟಿ ಮಧ್ಯಾಹ್ನದೊಳಗೆ ವಾಪಸು. ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಲಾರಿಗೂ ಒಂದು ಚೀಟಿ ಕೊಡುತ್ತಿದ್ದರು. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ತೂಕ. ಡ್ರೈವರುಗಳು ಸಂಜೆ ಅವನ್ನು ತಂದು ನನ್ನ ಮೇಜಿನ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ನಾನು ಪ್ರತಿದಿನ ತೆಗೆದು ನೋಡುತ್ತಿದ್ದೆ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ಮರವನ್ನು ಕಾರ್ಖಾನೆಯವರು ಟೇಪು ಹಿಡಿದು ಸುತ್ತಳತೆ, ಉದ್ದ ನೋಡಿ ತೆಗೆದುಕೊಳ್ಳುತ್ತಿದ್ದರು. ತೂಕ ಯಾರಿಗೂ ಬೇಡದ ಅಂಕಣವಾಗಿತ್ತು.

ಸಾಹುಕಾರರು, ಅಂದರೆ ನಮ್ಮ ಗುತ್ತಿಗೆದಾರರು, ಒಂದು ಸಂಜೆ ಡಿಪೋಗೆ ಬಂದು ಗೋಡೆಯ ಹಾಳೆಯ ಮುಂದೆ ಕೈಕಟ್ಟಿ ನಿಂತು, "ಪರವಾಗಿಲ್ಲ ಕಣಮ್ಮಾ" ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು. ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಹೋದೆ.

ಮೇಸ್ತ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ಲೋಡಾದ ಲಾರಿ ಹೊರಡುವಾಗ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು ನೋಡುತ್ತಿದ್ದರು.

"ಪಟ್ಟಿ ಚಪ್ಪಟೆ ಆಗ್ತಾ ಇದೆ ರೈಟರಮ್ಮ. ಗಾಡಿ ನರಳ್ತದೆ."

"ಜಾಸ್ತಿ ಹೇರಿದ್ದೀರಾ?"

"ಕಚ್ಚಿನ ಮಟ್ಟಕ್ಕೇ ಹೇರಿದ್ದು. ಒಂದು ಅಂಗುಲ ಮೇಲಿಲ್ಲ, ನೀವೇ ನೋಡಿ."

ನೋಡಿದೆ. ಕಚ್ಚಿನ ಮಟ್ಟಕ್ಕೇ ಇತ್ತು. ಲಾರಿ ಹಳೆಯದು, ಪಟ್ಟಿ ಬದಲಿಸಬೇಕು ಎಂದು ಬರೆದುಕೊಂಡೆ. ನಾವಿಬ್ಬರೂ ನಮ್ಮ ನಮ್ಮ ಕೆಲಸದಲ್ಲಿ ಸರಿಯಾಗಿಯೇ ಇದ್ದೆವು. ಅವರ ಕಚ್ಚು ಒಂದು ತಿಂಗಳು ಒಣಗಿದ ಮರಕ್ಕೆ ಹಾಕಿದ ಕಚ್ಚು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವರಿಗೆ ಹೊಳೆಯದಿದ್ದದ್ದಕ್ಕೆ ಕಾರಣವಿದೆ. ಅವರ ಅಪ್ಪನ ಕಾಲದಿಂದ ಆ ಕಚ್ಚು ಒಂದು ಸಲವೂ ಮೋಸ ಮಾಡಿರಲಿಲ್ಲ. ನನಗೆ ಅಂಥ ಯಾವ ಕಾರಣವೂ ಇರಲಿಲ್ಲ.

ನಾಲ್ಕನೇ ವಾರದ ಶುಕ್ರವಾರ ನನ್ನ ಸ್ಕೂಟರ್ ತೋಟದಲ್ಲೇ ಕೆಟ್ಟು ನಿಂತಿತ್ತು. ಹಿಂದಿನ ರಾತ್ರಿ ತೋಟದ ರೈಟರ್ ಮನೆಯಲ್ಲಿ ಉಳಿದುಕೊಂಡವಳು ಬೆಳಿಗ್ಗೆ ಅಕ್ಕನ ಜೀಪಿನಲ್ಲೇ ಮೂಡಿಗೆರೆಗೆ ಹೊರಟೆ. ಅಕ್ಕ ಸೆರಗಿನಲ್ಲಿ ಒಂದು ನಿಂಬೆಹಣ್ಣು ಕಟ್ಟಿಕೊಂಡಿದ್ದರು. ಬಾಯಾರಿದಾಗ ಅದನ್ನು ಮೂಸುತ್ತಿದ್ದರು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರಂತೆ. ನಾನು ನನ್ನ ಬಾಟಲಿಯನ್ನು ಚೀಲದೊಳಗೆ ತಳ್ಳಿದೆ.

"ಕುಡೀರಿ, ಕುಡೀರಿ. ನೀವು ಕುಡಿದ್ರೆ ನನ್ನ ತೂಕ ಹೆಚ್ಚಾಗಲ್ಲ" ಎಂದು ನಕ್ಕರು.

"ತೂಕವಾ?"

"ಮತ್ತೆ? ಹೋದ ಕೂಡ್ಲೇ ಮೊದ್ಲು ತಕ್ಕಡಿ ಮೇಲೆ ನಿಲ್ಸೋದು. ಮೈಯಲ್ಲಿ ನೀರಿಲ್ದೆ ಇದ್ರೆ ನಾನು ಇಷ್ಟು ಕೆಜಿ ಅಂತ ಅವ್ರು ಬರ್ಕೊಂಡಿದ್ದಾರೆ. ಅದಕ್ಕಿಂತ ಎಷ್ಟು ಜಾಸ್ತಿ ಬಂತೋ ಅಷ್ಟೂ ನೀರು. ನೋಡೋಕೆ ನಾನು ಮೊನ್ನೆಯಿದ್ದ ಹಾಗೇ ಇರ್ತೀನಿ, ಸೀರೆ ಕುಪ್ಪಸ ಎಲ್ಲಾ ಅದೇ. ಆದ್ರೂ ಮೂರು ಕೆಜಿ ಜಾಸ್ತಿ."

ಜೀಪು ಕೊಟ್ಟಿಗೆಹಾರದ ತಿರುವಿನಲ್ಲಿತ್ತು. ಎದುರಿನಿಂದ ನಮ್ಮದೇ ಖಾಲಿ ಲಾರಿ ಬಂದು ಹಾರ್ನ್ ಹೊಡೆದು ಹೋಯಿತು. ನಾನು ತಿರುಗಿ ಅದರ ಖಾಲಿ ಗೂಟಗಳನ್ನು ನೋಡಿದೆ. ನೋಡಲು ಅಷ್ಟೇ ಇದ್ದು ತೂಕ ಹೆಚ್ಚಾಗುವುದು ಅವರಿಗೊಬ್ಬರಿಗೇ ಅಲ್ಲವಲ್ಲ. ಮೂಡಿಗೆರೆಯಲ್ಲಿ ಇಳಿದು ಬಸ್ಸು ಹಿಡಿದು ಡಿಪೋಗೆ ಬಂದೆ. ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಮೊದಲ ಬಾರಿಗೆ ಮೂರನೇ ಅಂಕಣ ಓದಿದೆ.

ನನ್ನ ಹಾಳೆಯಲ್ಲಿ ಒಂದು ಲೋಡಿಗೆ ಒಂಬತ್ತು ಟನ್ ಎಂದಿತ್ತು. ಅದು ಹಿಂದಿನ ವರ್ಷದ ಒಣಗಿದ ಮರದ ತೂಕ. ಚೀಟಿಗಳಲ್ಲಿ ಹನ್ನೆರಡು, ಹದಿಮೂರು, ಒಂದೆರಡು ಕಡೆ ಅದಕ್ಕೂ ಹೆಚ್ಚು. ಏಪ್ರಿಲ್ ಮಳೆ ಕುಡಿದು ಚಿಗುರಿ ನಿಂತಿದ್ದ ಮರಗಳನ್ನು ನೀರು ಸಮೇತ ಸಾಗಿಸಿದ್ದೆ. ಮೊದಲ ದಿನದ ಮೊದಲ ಚೀಟಿಯಲ್ಲೇ ಅದು ಬರೆದಿತ್ತು. ಮೂರು ವಾರಕ್ಕೂ ಹೆಚ್ಚು ಕಾಲ, ದಿನಾ ಸಂಜೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಪಕ್ಕದ ಅಂಕಣ ನೋಡಿದ್ದೆ.

ಕೂಡಲೇ ಫೋನ್ ಮಾಡಿ ಲೋಡಿಂಗ್ ನಿಲ್ಲಿಸಿದೆ. ಮಧ್ಯಾಹ್ನ ಮೇಸ್ತ್ರಿಯ ಜೊತೆ ಹಳ್ಳಕ್ಕೆ ಇಳಿದು ಸೇತುವೆಯ ಅಡಿಗೆ ಹೋದೆ. ಮೊಣಕಾಲು ಮಟ್ಟದ ನೀರು. ತಲೆಯೆತ್ತಿ ನೋಡಿದರೆ ಕಾಂಕ್ರೀಟ್ ಹಲಗೆಯ ಹೊಟ್ಟೆಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಒಂದು ಬಿರುಕು. ಸಿಮೆಂಟು ಕೆಲವು ಕಡೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಬಿರುಕಿನ ಅಂಚು ಹೊಸದಾಗಿ ಬೆಳ್ಳಗಿತ್ತು. ಹಳೆಯ ಬಿರುಕಾಗಿದ್ದರೆ ಪಾಚಿ ಕಟ್ಟಿರುತ್ತಿತ್ತು. ಇಬ್ಬರಿಗೂ ಅದು ಕಂಡಿತು.

ಹಸಿ ಮರಕ್ಕೆ ಭಾರ ಹೆಚ್ಚು, ನಮ್ಮ ಲೋಡುಗಳು ಸೇತುವೆಗೆ ಮೀರಿದವು ಎಂದಷ್ಟೇ ಮೇಸ್ತ್ರಿಗೆ ಹೇಳಿದೆ. ಚೀಟಿಗಳ ವಿಷಯ ಹೇಳಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡೆ.

"ಪಂಚಾಯಿತಿಗೆ ತಿಳಿಸ್ಬೇಕು ಮೇಸ್ತ್ರಿಗಳೇ."

"ತಿಳಿಸಿದ್ರೆ ಎಂತ ಮಾಡ್ತಾರೆ?"

"ಇಂಜಿನಿಯರ್ ಬಂದು ನೋಡ್ತಾರೆ. ರಿಪೇರಿ ಆಗೋವರೆಗೆ ಗಾಡಿ ಹೋಗೋದು ನಿಲ್ಲಿಸ್ತಾರೆ."

"ಯಾವಾಗ ರಿಪೇರಿ?"

ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಳೆಗಾಲ ಕಳೆಯದೆ ಯಾರೂ ಹಳ್ಳಕ್ಕೆ ಇಳಿದು ಸಿಮೆಂಟು ಕಲೆಸುವುದಿಲ್ಲ.

"ಹಂಗಾರೆ ಹೇಳ್ಬೇಡಿ" ಎಂದರು. "ಕಲ್ಲು ಅಡ್ಡ ಇಟ್ಟು ಬೋರ್ಡ್ ಹಾಕಿದ್ರೆ ಲಾರಿ ಜೊತೆಗೆ ಜೀಪೂ ನಿಲ್ತದೆ. ಮನೆಯಿಂದ ಹಳ್ಳದ ಆಚೆಗೆ ಅವಳಿಗೆ ನಡೆಯೋಕಾಗಲ್ಲ. ಜೀಪಿನ ಭಾರ ಎಷ್ಟು ಮಹಾ? ಅದನ್ನ ಈ ಸೇತುವೆ ಇನ್ನೂ ಹತ್ತು ವರ್ಷ ಹೊರ್ತದೆ."

"ಉಳಿದ ಮರ?"

"ಅರ್ಧ ಹೇರು ಹೊಡೆಯೋಣ. ಕಚ್ಚಿನ ಅರ್ಧಕ್ಕೆ. ನನ್ನ ಹುಡುಗ್ರೂ ಮಳೆಗೆ ಮೊದ್ಲು ನಾಲ್ಕು ದಿನ ದುಡೀಬೇಕಲ್ಲ."

ಸಾಹುಕಾರರಿಗೆ ಫೋನ್ ಮಾಡಿದೆ. "ನೀನೇ ನೋಡು, ನಿನಗೆ ಹೇಗೆ ಸರಿ ಕಾಣ್ತದೋ ಹಾಗೆ" ಎಂದರು. ಆ ಮಧ್ಯಾಹ್ನ ನಾನು ತೋಟದ ಕಟ್ಟೆಯ ಮೇಲೆ ಒಂದು ಗಂಟೆ ಕೂತು ಲೆಕ್ಕ ಹಾಕಿದೆ. ಅರ್ಧ ಲೋಡಿನ ಭಾರ ಹಳೆಯ ಒಣ ಲೋಡಿಗಿಂತ ಕಡಿಮೆ. ಆ ಹಳೆಯ ಲೋಡುಗಳನ್ನು ಸೇತುವೆ ವರ್ಷಗಟ್ಟಲೆ ಹೊತ್ತಿದೆ. ಹೀಗೆ ಕಾಗದದ ಮೇಲೆ ಎಲ್ಲವೂ ಸರಿಹೋಯಿತು. ಬಿರುಕು ಬಿಡುವ ಮೊದಲಿನ ಸೇತುವೆಯ ಲೆಕ್ಕವನ್ನು ಬಿರುಕು ಬಿಟ್ಟ ಸೇತುವೆಗೆ ಹಾಕುತ್ತಿದ್ದೇನೆ ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ಅಕ್ಕನ ಜೀಪಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಪಂಚಾಯಿತಿಗೆ ತಿಳಿಸಿದ್ದರೆ ಮೊದಲು ಕೇಳುವ ಪ್ರಶ್ನೆ ಲಾರಿಗಳ ತೂಕದ್ದಾಗಿರುತ್ತಿತ್ತು ಎಂಬುದೂ ನನ್ನ ತಲೆಯಲ್ಲಿತ್ತು. ನಾನು ತಿಳಿಸಲಿಲ್ಲ. ಅರ್ಧ ಲೋಡು ಎಂದು ಹಾಳೆಯನ್ನು ತಿದ್ದಿದೆ.

ಎಂಟು ದಿನಗಳಲ್ಲಿ ಉಳಿದ ಮರವನ್ನೆಲ್ಲ ಇಳಿಸಿದೆವು. ಲೋಡು ಅರ್ಧವಾದ್ದರಿಂದ ಟ್ರಿಪ್ಪುಗಳು ಎರಡರಷ್ಟಾದವು. ಪ್ರತಿ ಲಾರಿ ದಾಟುವಾಗಲೂ ನಾನು ದಡದಲ್ಲಿ ಬಗ್ಗಿ ಹಲಗೆಯ ಅಡಿಯನ್ನೇ ನೋಡುತ್ತಾ ನಿಂತಿರುತ್ತಿದ್ದೆ. ಕೊನೆಯ ಲಾರಿ ದಾಟಿದಾಗ ಮೇಸ್ತ್ರಿ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, "ಗೆದ್ವಿ" ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿಯ ಫೋನ್ ಬಂತು. "ನಡು ಮುರಿದು ಕೂತಿದೆ ರೈಟರಮ್ಮ" ಎಂದಷ್ಟೇ ಹೇಳಿದರು. ಯಾರೂ ಮೇಲಿರಲಿಲ್ಲ, ಯಾರಿಗೂ ಪೆಟ್ಟಾಗಿರಲಿಲ್ಲ. ಪಂಚಾಯಿತಿಯಿಂದ ಬಂದವರು ಛತ್ರಿ ಹಿಡಿದು ನೋಡಿ, ಹಳೆಯ ಸೇತುವೆ, ಹಳ್ಳ ಬುಡ ಕೊರೆದಿದೆ, ಎಂದೋ ಬೀಳಬೇಕಾಗಿತ್ತು ಎಂದು ಹೇಳಿ ಹೋದರು. ಅವರು ಹೇಳಿದ್ದರಲ್ಲಿ ನಿಜವೂ ಇರಬಹುದು. ಆ ಮಾತಿನ ಆಸರೆಗೆ ನಾನು ಎಷ್ಟೋ ಸಲ ಕೈಚಾಚಿದ್ದೇನೆ. ಅದು ನನ್ನನ್ನು ಹಿಡಿದು ನಿಲ್ಲಿಸಿಲ್ಲ.

ಮೇಸ್ತ್ರಿಯ ತಂಡ ಅದೇ ದಿನ ಎರಡು ಉದ್ದದ ಮರ ಅಡ್ಡ ಹಾಕಿ ಸಂಕ ಕಟ್ಟಿತು. ಮಲೆನಾಡಿನವರಿಗೆ ಇದು ಹೊಸದಲ್ಲ, ಹಳ್ಳ ಇದ್ದಲ್ಲಿ ಮಳೆಗಾಲಕ್ಕೆ ಒಂದು ಕಾಲುಸಂಕ ಇದ್ದೇ ಇರುತ್ತದೆ. ಜೀಪು ಆಚೆ ದಡದಲ್ಲಿ ನಿಲ್ಲುತ್ತಿತ್ತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಸಂಕ ದಾಟಿಸುತ್ತಿದ್ದರು. ಹೀಗೆ ಮೂರು ವಾರ ನಡೆಯಿತು. ಜುಲೈ ಮೊದಲ ವಾರ ಹಳ್ಳ ಉಕ್ಕಿ ಸಂಕವನ್ನು ಕೊಚ್ಚಿಕೊಂಡು ಹೋಯಿತು. ಮಂಗಳವಾರದ ಡಯಾಲಿಸಿಸ್ ತಪ್ಪಿತು. ನೀರು ಇಳಿಯಲಿಲ್ಲ. ಶುಕ್ರವಾರದ್ದೂ ತಪ್ಪಿತು.

ಉಳಿದಿದ್ದ ದಾರಿ ಒಂದೇ, ಗುಡ್ಡದ ನೆತ್ತಿ ಹತ್ತಿ ಆಚೆಯ ತೋಟದ ಜೀಪ್ ರಸ್ತೆಗೆ ಇಳಿಯುವುದು. ಗಟ್ಟಿಮುಟ್ಟಾದವರಿಗೆ ಒಂದೂವರೆ ಗಂಟೆಯ ಹಾದಿ. ಶುಕ್ರವಾರ ಸಂಜೆ ಆ ದಾರಿಯಲ್ಲೇ ನಾನು ಅವರ ಮನೆ ತಲುಪಿದೆ. ಮೊಣಕಾಲ ತನಕ ಇಂಬಳದ ಜಿಗಣೆ ಕಚ್ಚಿ ರಕ್ತ ಸೋರುತ್ತಿತ್ತು. ಅಡಿಗೆಮನೆಯ ಒಲೆಯ ಮುಂದೆ ಕೂತು ಮತ್ತೊಂದು ಹಾಳೆ ಬರೆದೆ. ಎಂಟು ಜನ, ನಾಲ್ವರು ಹೊರಲು, ನಾಲ್ವರು ಬದಲಿಗೆ. ನೂರು ಹೆಜ್ಜೆಗೊಮ್ಮೆ ಹೆಗಲು ಬದಲಿ. ಮಣ್ಣು ಜಾರಿದ ಎರಡು ಕಡೆ ಹಗ್ಗ. ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟೂವರೆಗೆ ಜೀಪು, ಹತ್ತಕ್ಕೆ ಮೂಡಿಗೆರೆ. ನನಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ.

ಬೆಳಿಗ್ಗೆ ಕುರ್ಚಿಗೆ ಕಟ್ಟುವಾಗ ಅಕ್ಕನ ಮುಖ ಊದಿಕೊಂಡಿತ್ತು. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು.

"ನನ್ನ ತೂಕ... ಬರ್ಕೊಂಡ್ರಾ ರೈಟರಮ್ಮ? ಹುಡುಗ್ರಿಗೆ ಪಾಪ... ಇವತ್ತು ಭಾರ ಆಗ್ತೀನಿ."

"ಸುಮ್ನೆ ಕೂತ್ಕೋ ಮಾರಾಯ್ತಿ" ಎಂದು ಮೇಸ್ತ್ರಿ ಗದರಿದರು. ಆಮೇಲೆ ಅಕ್ಕನ ಪಾದಗಳನ್ನು ತಮ್ಮ ಟವೆಲಿನಿಂದ ಸುತ್ತಿದರು. ದಾರಿಯುದ್ದಕ್ಕೂ ಮುಂದಿನ ಬಲಬದಿಯ ಬಿದಿರನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ನೂರು ಹೆಜ್ಜೆಗೊಮ್ಮೆ ಬದಲಿ ಎಂದು ನಾನು ಕೂಗಿದಾಗ ಉಳಿದ ಮೂವರು ಬದಲಾಗುತ್ತಿದ್ದರು, ಅವರು ಮಾತ್ರ ಹಾಗೆಯೇ ನಡೆಯುತ್ತಿದ್ದರು. ಎಂಟೂವರೆಗೆ ತಲುಪಬೇಕಿದ್ದವರು ತಲುಪುವಾಗ ಹತ್ತು ಗಂಟೆ ದಾಟಿತ್ತು. ಮೂಡಿಗೆರೆಯಲ್ಲಿ ಮೆಷಿನ್ನಿಗೆ ಹಾಕಿದರು, ಉಸಿರು ಸುಧಾರಿಸಲಿಲ್ಲವೆಂದು ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಕಳಿಸಿದರು. ಭಾನುವಾರ ಬೆಳಿಗ್ಗೆ ಅಕ್ಕ ತೀರಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮಳೆ ಬಿಟ್ಟು ಹಳ್ಳ ಇಳಿದಿತ್ತು. ಎರಡು ದಿನ ಮೊದಲು ಇಳಿಯಬಾರದಿತ್ತೇ ಎಂದು ನಾನು ಅದಕ್ಕೆ ಬಾಯಿಗೆ ಬಂದಂತೆ ಬೈದೆ. ತಂಡದವರು ಮತ್ತೆ ಸಂಕ ಹಾಕಿ ಅಕ್ಕನನ್ನು ಮನೆಗೆ ತಂದರು. ಆಗ ಇನ್ನೊಂದು ಕೊರತೆ ಎದುರಾಯಿತು. ಆ ಹನ್ನೊಂದು ಮನೆಗಳಲ್ಲಿ ಚಿತೆಗೆ ಸಾಲುವಷ್ಟು ಒಣ ಸೌದೆ ಇರಲಿಲ್ಲ. ಪ್ರತಿ ವರ್ಷ ಮರ ಕಡಿದ ಮೇಲೆ ರಾಶಿ ಒಣಗುವ ಆ ಒಂದು ತಿಂಗಳಿನಲ್ಲಿ ಅವರು ಕೊಂಬೆರೆಂಬೆ ಆರಿಸಿ, ಒಡೆದು, ಸೌದೆಕೊಟ್ಟಿಗೆ ತುಂಬಿಕೊಳ್ಳುತ್ತಿದ್ದರು. ಈ ವರ್ಷ ನಾನು ಅವರಿಗೆ ಆ ತಿಂಗಳನ್ನು ಬಿಟ್ಟಿರಲಿಲ್ಲ. ದಿನಕ್ಕೆ ಎರಡು ಟ್ರಿಪ್ಪು ಹೇರಿ ಸುಸ್ತಾದವರಿಗೆ ಕೊಂಬೆ ಆರಿಸಲು ಪುರುಸೊತ್ತೆಲ್ಲಿ? ತೋಟದಲ್ಲಿ ಬಿದ್ದಿದ್ದ ರೆಂಬೆಗಳೆಲ್ಲ ಮಳೆಗೆ ನೆನೆದು ಹಿಂಡಿದರೆ ನೀರು ಸುರಿಯುವಂತಿದ್ದವು.

ಮನೆಗೆ ಇಷ್ಟಿಷ್ಟು ಎಂದು ಎಲ್ಲರೂ ಇದ್ದದ್ದನ್ನು ತಂದರು. ಉಳಿದದ್ದನ್ನು ಡಿಪೋದಿಂದ ನಾನು ತರಿಸಿದೆ. ಲಾರಿ ಮುರಿದ ಸೇತುವೆಯ ಈಚೆಗೆ ಬಂದು ನಿಂತಿತು. ತಂಡದವರು ಲಾರಿಯಿಂದ ಸಂಕದ ಮೇಲಾಗಿ ಆ ದಡದವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಸೌದೆ ದಾಟಿಸಿದರು. ಮರ ಇಳಿಸಲು ಅಷ್ಟು ಯೋಜನೆ ಮಾಡಿದವಳು ಆ ಹಳ್ಳದ ಮೇಲೆ ಹಿಂದಕ್ಕೆ ಮರ ಕಳಿಸುತ್ತಿದ್ದೆ. ಕತ್ತಲಾಗುವ ಮೊದಲು ಕೆಲಸ ಮುಗಿಯಿತು.

ಹನ್ನೊಂದನೇ ದಿನ ಮೇಸ್ತ್ರಿಯ ಮನೆಗೆ ಹೋದೆ. ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಕಾಫಿ ತರಿಸಿಕೊಟ್ಟರು. ತಾವಾಗಿಯೇ ಮಾತು ತೆಗೆದರು.

"ತಪ್ಪು ನಂದೇ ರೈಟರಮ್ಮ. ಹಸಿ ಮರಕ್ಕೆ ಕಚ್ಚು ಇಳಿಸ್ಬೇಕಿತ್ತು. ನಲವತ್ತು ವರ್ಷ ಹೇರಿದ್ದೀನಿ, ಕೈಗೆ ಗೊತ್ತಾಗ್ತಿತ್ತು ಭಾರ ಇದೆ ಅಂತ. ಕಚ್ಚನ್ನ ನಂಬಿದೆ, ಕೈಯನ್ನ ನಂಬ್ಲಿಲ್ಲ. ಆಮೇಲೆ ಪಂಚಾಯಿತಿಗೆ ಹೇಳ್ಬೇಡಿ ಅಂದವನೂ ನಾನೇ. ನನ್ನ ಕೈಯಾರೆ ಅವಳ ದಾರಿ ಮುರ್ದೆ."

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಆ ಭಾರವನ್ನು ಸಾಯುವ ತನಕ ಒಬ್ಬರೇ ಹೊತ್ತುಕೊಂಡಿರುತ್ತಿದ್ದರು, ನಾನು ಆಗಾಗ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಲೋಟ ಕೆಳಗಿಟ್ಟು ಹೇಳಿದೆ. ಕಾರ್ಖಾನೆಯ ಚೀಟಿಯಲ್ಲಿ ಮೊದಲ ದಿನದಿಂದಲೇ ತೂಕ ಬರೆದಿತ್ತು, ದಿನಾ ಸಂಜೆ ಅದು ನನ್ನ ಕೈಗೆ ಬರುತ್ತಿತ್ತು, ನಾನು ಹೊತ್ತು ಮಾತ್ರ ನೋಡಿದೆ, ಸೇತುವೆಯ ಕೆಳಗೆ ನಿಂತಾಗಲೂ ನಿಮಗೆ ಹೇಳಲಿಲ್ಲ ಎಂದೆ.

ಅವರು ಅಂಗಳದ ಕಡೆ ನೋಡುತ್ತಿದ್ದರು.

"ಮೊದಲ್ನೇ ದಿನದ ಚೀಟೀಲೇ ಇತ್ತಾ?"

"ಇತ್ತು."

"ಅದನ್ನ ನಂಗೆ ಹೇಳಿದ್ರೆ ನಾನು ಎರಡನೇ ಲಾರಿಗೇ ಒಂದು ಸಾಲು ಇಳಿಸ್ತಿದ್ದೆ."

"ಹೌದು."

ನಾನು ಏಳಲೂ ಆಗದೆ ಕೂರಲೂ ಆಗದೆ ಇದ್ದೆ. ಸಣ್ಣಗೆ ಮಳೆ ಶುರುವಾಯಿತು. ಅವರು ಎದ್ದು ಮೂಲೆಯಲ್ಲಿದ್ದ ಛತ್ರಿ ಬಿಡಿಸಿ, "ಬನ್ನಿ, ನೀರು ಏರೋ ಮೊದ್ಲು ದಾಟ್ಸಿ ಬಿಡ್ತೀನಿ" ಎಂದರು. ಹಳ್ಳದವರೆಗೂ ಛತ್ರಿಯನ್ನು ನನ್ನ ತಲೆಯ ಮೇಲೆಯೇ ಹಿಡಿದಿದ್ದರು. ಸಂಕ ಒದ್ದೆಯಾಗಿ ಜಾರುತ್ತಿತ್ತು. ಅವರು ಮುಂದೆ ನಡೆಯುತ್ತಾ, ಹಿಂದೆ ತಿರುಗಿ ನೋಡಿಕೊಂಡು, ನನ್ನ ಕೈ ಹಿಡಿದು, ಎಲ್ಲಿ ಕಾಲಿಡಬೇಕೆಂದು ಹೇಳುತ್ತಾ ಈ ದಡಕ್ಕೆ ತಂದು ಬಿಟ್ಟರು. ಆಮೇಲೆ ಕೈ ಬಿಡಿಸಿಕೊಂಡರು.

"ನೀವು ಇನ್ನು ಈ ಕಡೆ ಬರ್ಬೇಡಿ ರೈಟರಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ನೋಡಿದ್ರೆ ನಂಗೆ ಆಗಲ್ಲ."

ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲಿ ನೆನೆಯುತ್ತಾ ಸಂಕ ದಾಟಿ ಹೋದರು. ಈಗ ಅಲ್ಲಿ ಹೊಸ ಸೇತುವೆಯಾಗಿದೆ ಎಂದು ಲಾರಿಯವರು ಹೇಳುತ್ತಾರೆ. ನಾನು ನೋಡಿಲ್ಲ.